ಸಹಾಯ ಬೇಕು: ಅಪ್ಪನ ಬಾಯಿ ಕ್ಯಾನ್ಸರ್, ಆಪರೇಷನ್ ಮಾಡಿಸಿದವರು ಹೇಳಿ

ಅಪ್ಪನಿಗೆ 58 ವರ್ಷ, ಶುಗರ್ ಇದೆ. ಎಡಗೆನ್ನೆ ಒಳಗೆ, ತಂಬಾಕು ಒತ್ತಿಟ್ಟುಕೊಳ್ಳುತ್ತಿದ್ದ ಜಾಗದಲ್ಲೇ ಹುಣ್ಣು. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ (ಬಾಯಿಯ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್) ಅಂತ ಬಂದಿದೆ, ಸ್ಕ್ಯಾನ್ ನೋಡಿ ಮೂರನೇ ಸ್ಟೇಜ್ ಅಂದರು. ಮೊದಲು ಆಪರೇಷನ್ ಮಾಡಿ ಕುತ್ತಿಗೆಯ ಗಂಟುಗಳನ್ನೂ ತೆಗೆದು, ಎದೆ ಅಥವಾ ತೊಡೆಯ ಮಾಂಸದಿಂದ ಕೆನ್ನೆ ಮುಚ್ಚುತ್ತಾರಂತೆ, ಆಮೇಲೆ ಸುಮಾರು ಆರು ವಾರ ರೇಡಿಯೇಷನ್, ಕೀಮೋ ಬೇಕಾ ಬೇಡ್ವಾ ಅನ್ನೋದು ತೆಗೆದ ಗಡ್ಡೆಯ ರಿಪೋರ್ಟ್ ಬಂದ ಮೇಲೆ. ನೆಂಟರು "ಕತ್ತರಿ ಹಾಕಿಸಿದ್ರೆ ಹರಡುತ್ತೆ" ಅಂತ ಸುಮ್ನೆ ತಲೆ ತಿನ್ನುತ್ತಿದ್ದಾರೆ, ಅದನ್ನು ನಾನು ನಂಬಲ್ಲ.

ನನ್ನ ಚಿಂತೆ ಬೇರೆ. ಈಗಲೇ ಬಾಯಿ ಎರಡು ಬೆರಳಷ್ಟೇ ತೆರೆಯುತ್ತದೆ, ಗಂಜಿ ಬಿಟ್ಟರೆ ಏನೂ ಇಳಿಯಲ್ಲ. ಆಪರೇಷನ್ ಆದವರಿಗೆ ಊಟ, ಮಾತು ಎಷ್ಟು ಸುಧಾರಿಸಿತು? ಹಾಳಾದ ಹಲ್ಲುಗಳನ್ನು ರೇಡಿಯೇಷನ್‌ಗೆ ಮುಂಚೆಯೇ ಕೀಳಿಸಿದಿರಾ? ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸೆಕೆಂಡ್ ಒಪಿನಿಯನ್ ತಗೊಂಡವರು, ಆಯುಷ್ಮಾನ್ ಕಾರ್ಡ್ ಬಳಸಿದವರು ಇದ್ದರೆ ದಯವಿಟ್ಟು ತಿಳಿಸಿ. ನಾಟಿ ಔಷಧಿ ಸಲಹೆ ಬೇಡ.