ಅಜ್ಜ ನಕ್ಕ ಧಾರಾವಾಹಿ

‘ಹಳೆಮನೆ ಬಳಗ’ ಗುಂಪಿನಲ್ಲಿ ಭಾನುವಾರ ರಾತ್ರಿ ನಡೆದ ಮಾತುಕತೆ. ಚಂಡೀಗಢದ ಹಾಸ್ಯನಟ ಜಸ್ಪಾಲ್ ಭಟ್ಟಿ ದೂರದರ್ಶನಕ್ಕೆ ಮಾಡಿದ ಹಿಂದಿ ಹಾಸ್ಯ ಧಾರಾವಾಹಿ ‘ಫ್ಲಾಪ್ ಶೋ’ದ ಪಿಎಚ್.ಡಿ. ಕಂತನ್ನು ತಮ್ಮ ಹಂಚಿಕೊಂಡಿದ್ದ.

ತಮ್ಮ: ಅಣ್ಣ, ನೀನು ಯಾವಾಗಲೂ ಹೇಳುವ ಧಾರಾವಾಹಿ ಇದೇ ಅಲ್ಲವೇ? ಪೂರ್ತಿ ನೋಡಿದೆ. ಹುಡುಗ ಪದವಿಗಾಗಿ ಗೈಡ್ ಮನೆಯ ಚಾಕರಿ ಮಾಡುತ್ತಾನೆ, ಅಷ್ಟೇ. ಇದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೀಯಾ?

ಭಾವ: ಹೆಸರೇ ಫ್ಲಾಪ್! ಹತ್ತೇ ಕಂತಿಗೆ ಮುಗಿಯಿತು. ಬಾಲ್ಯದ ನೆನಪು ಬೇಕೆಂದರೆ ‘ಮಾಲ್ಗುಡಿ ಡೇಸ್’ ಇದೆ. ನಮ್ಮ ಆಗುಂಬೆ, ನಮ್ಮ ಶಂಕರ್‌ನಾಗ್. ಚಂಡೀಗಢದವರ ಹಿಂದಿ ನಮಗೇಕೆ?

ನಾನು: ಭಾವ, ಮಾಲ್ಗುಡಿಯನ್ನೂ ನಾವು ನೋಡಿದ್ದು ಹಿಂದಿಯಲ್ಲೇ. ಅದೆಂದರೆ ನನಗೂ ಪ್ರಾಣ. ಆದರೆ ಹತ್ತೇ ಕಂತು ಎಂದ ಮಾತ್ರಕ್ಕೆ ಸೋತಿತು ಎನ್ನಬೇಡಿ. 1989ರಲ್ಲಿ ಬಂದದ್ದನ್ನು ಆಗಿನ್ನೂ ಹುಟ್ಟದೇ ಇದ್ದ ತಮ್ಮ ಇವತ್ತು ಹುಡುಕಿ ನೋಡಿದ್ದಾನೆ. ಫ್ಲಾಪ್ ಎಂದು ಹೆಸರಿಟ್ಟುಕೊಂಡವರೂ ಅವರೇ. ಶೀರ್ಷಿಕೆಯಲ್ಲಿ ಜಸ್ಪಾಲ್ ಭಟ್ಟಿಯವರ ಹೆಸರಿಗೆ ‘ಡೈರೆಕ್ಟೆಡ್’ ಎಂದಿರಲಿಲ್ಲ, ‘ಮಿಸ್‌ಡೈರೆಕ್ಟೆಡ್’ ಎಂದಿತ್ತು. ದಾರಿ ತಪ್ಪಿಸಿದವರು ಎಂದು ತಾವೇ ಹಾಕಿಕೊಂಡಿದ್ದರು.

ಚಿಕ್ಕಪ್ಪ: ನನಗೆ ಅದು ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಅಧಿಕಾರಿ, ಗುತ್ತಿಗೆದಾರ, ವೈದ್ಯ, ಮೇಷ್ಟ್ರು, ಎಲ್ಲರೂ ಕಳ್ಳರೇ ಎಂಬಂತೆ ತೋರಿಸುತ್ತಿದ್ದರು. ನಾನು 32 ವರ್ಷ ಸರ್ಕಾರಿ ಕೆಲಸ ಮಾಡಿದವನು. ಒಂದೇ ಒಂದು ಸುಳ್ಳು ಬಿಲ್ಲಿಗೆ ಸಹಿ ಹಾಕಿದವನಲ್ಲ. ವೈದ್ಯಕೀಯ ಬಿಲ್ಲಿನ ಕಂತು ಬಂದ ಮರುದಿನ ನೀವು ಮಕ್ಕಳೆಲ್ಲ ಅಂಗಳದಲ್ಲಿ ನನ್ನನ್ನು ಸುತ್ತುವರಿದು ‘ಬಿಲ್ಲು, ಬಿಲ್ಲು’ ಎಂದು ಕುಣಿದಿರಿ. ಅದು ಹಾಸ್ಯವೇ?

ನಾನು: ಕುಣಿದದ್ದು ನಿಜ, ಚಿಕ್ಕಪ್ಪ. ತಪ್ಪಾಯಿತು. ಈಗಲಾದರೂ ಕ್ಷಮಿಸಿ. ಆದರೆ ಭಟ್ಟಿಯವರು ದೂರ ನಿಂತು ಯಾರನ್ನೂ ಕಳ್ಳ ಎಂದು ಬೆರಳು ಮಾಡಲಿಲ್ಲ. ಆ ಪಾತ್ರಕ್ಕೆ ತಾವೇ ಇಳಿಯುತ್ತಿದ್ದರು. ತಮ್ಮ ಹಾಕಿದ ಕಂತಿನಲ್ಲಿ ಹುಡುಗನನ್ನು ಗೋಳುಹುಯ್ದುಕೊಳ್ಳುವ ಗೈಡ್ ಅವರೇ. ಪಕ್ಕದಲ್ಲಿ ಪತ್ನಿ ಸವಿತಾ ಭಟ್ಟಿ. ಎಲ್ಲ ಮುಗಿದ ಮೇಲೆ ಹಳೆಯ ಸಿನಿಮಾ ಹಾಡಿನ ಧಾಟಿಗೆ ಹೊಸ ಸಾಲು ಹೊಂದಿಸಿ ಹಾಡು. ಆ ಹಾಡಿಗಾಗಿ ನಾವು ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು.

ಅಕ್ಕ: ನೀವು ಕಾದಿರಿ, ಮಾಡು ಹತ್ತಿದವಳು ನಾನು. ಹಂಚಿನ ಮೇಲೆ ಪಾಚಿ, ಬಿದಿರ ಗಳುವಿಗೆ ಕಟ್ಟಿದ ಆಂಟೆನಾ. ‘ಬಂತಾ?’ ಎಂದು ನಾನು ಕೂಗುವುದು, ‘ಇನ್ನೂ ಸ್ವಲ್ಪ ತಿರುಗಿಸು’ ಎಂದು ಇವನು ಕೂಗುವುದು. ಚಿತ್ರ ಸರಿಯಾಯಿತು ಎಂದು ಕೈ ಬಿಟ್ಟರೆ ಮತ್ತೆ ಪರದೆ ತುಂಬ ಇರುವೆ. ಎಷ್ಟೋ ಹಾಡನ್ನು ನಾನು ಮಾಡಿನ ಮೇಲಿಂದಲೇ ಕೇಳಿದ್ದೇನೆ.

ಭಾವ: ಸರಿ, ಭಾಷೆ ಗೊತ್ತಿಲ್ಲದೆ ನಕ್ಕಿದ್ದು ಯಾವುದಕ್ಕೆ? ಟಿವಿ ಹೊಸದು, ಏನು ಬಂದರೂ ನಗುತ್ತಿದ್ದಿರಿ.

ನಾನು: ಅಲ್ಲ ಭಾವ. ಇದನ್ನು ನಾನು ಬರೆಯಲೇಬೇಕು, ಸ್ವಲ್ಪ ಉದ್ದವಾಗುತ್ತದೆ.

ಅಜ್ಜನಿಗೆ ಹಿಂದಿಯ ಒಂದು ಶಬ್ದವೂ ಬರುತ್ತಿರಲಿಲ್ಲ. ಟಿವಿ ಅವರಿಗೆ ಬೇಕಾಗಿಯೂ ಇರಲಿಲ್ಲ. ಜಗಲಿಯ ಮೂಲೆಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತ ಕೂರುತ್ತಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ಗದ್ದೆ, ತೋಟ, ಮನೆ ಎಲ್ಲವನ್ನೂ ಶರಾವತಿಯ ಹಿನ್ನೀರಿಗೆ ಬಿಟ್ಟು ಬಂದವರು. ಹೊಸ ಜಾಗದ ಹಕ್ಕುಪತ್ರಕ್ಕಾಗಿ 25 ವರ್ಷ ಕಚೇರಿ ಅಲೆದರು. ಖಾಕಿ ಬಟ್ಟೆಯ ಚೀಲ ನಿಮಗೆಲ್ಲ ನೆನಪಿರಬೇಕು. ಮುಳುಗಡೆಯ ಕಾಗದ, ಕಂದಾಯದ ರಸೀದಿ, ಅರ್ಜಿಯ ನಕಲು. ಮಳೆಗಾಲದಲ್ಲಿ ಅದನ್ನು ಹಾಳೆಯಲ್ಲಿ ಸುತ್ತಿ ಕಂಬಳಿಯೊಳಗೆ ಎದೆಗವಚಿಕೊಂಡು ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಸಂಜೆ ಬಂದು ಕಾಲು ತೊಳೆದುಕೊಳ್ಳುವಾಗ ಅಜ್ಜಿ ಕೇಳಿದರೆ ‘ಮುಂದಿನ ವಾರ ಬಾ ಎಂದರು’ ಎನ್ನುತ್ತಿದ್ದರು. ಅವತ್ತು ಊಟ ಅರ್ಧ.

ಅಂದು ಭಟ್ಟಿ ಪರದೆಯ ಮೇಲಿದ್ದರು. ಅವರ ಮುಖ ನೋಡಿ, ನಗುವುದೇ ಇಲ್ಲ. ದನಿ ಏರುವುದಿಲ್ಲ. ಬಹಳ ಮರ್ಯಾದೆಯಿಂದ, ಬಹಳ ಮೆತ್ತಗೆ ಎದುರಿನವನನ್ನು ಸತಾಯಿಸುತ್ತಾರೆ. ಮಾತು ತಿಳಿಯದ ಅಜ್ಜ ನೋಡಿದ್ದು ಆ ಮುಖವನ್ನು ಮಾತ್ರ. ಕೈಯಲ್ಲಿದ್ದ ಅಡಿಕೆ ಹಾಗೆಯೇ ನಿಂತಿತು. ‘ಈ ಪೇಟದವನನ್ನು ನಾನು ಬಲ್ಲೆ’ ಎಂದರು. ‘ಇವನ ಮೇಜಿನ ಮುಂದೆ ಎಷ್ಟು ಸಲ ನಿಂತಿದ್ದೇನೆ!’ ಆಮೇಲೆ ನಗತೊಡಗಿದರು ನೋಡಿ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಹೆಗಲ ಮೇಲಿನ ಪಂಚೆಯಿಂದ ಒರೆಸಿಕೊಂಡರು. ಕಚೇರಿಯ ವಿಷಯಕ್ಕೆ ಅಜ್ಜ ನಗಬಲ್ಲರು ಎಂದು ನನಗೆ ಗೊತ್ತೇ ಇರಲಿಲ್ಲ. ಚಂಡೀಗಢದ ಹಿಂದಿ ನಮಗೇಕೆ ಎಂದಿರಲ್ಲ ಭಾವ, ಇದಕ್ಕೆ.

ಹಾಡು ಶುರುವಾಗುವಷ್ಟರಲ್ಲಿ ಕರೆಂಟು ಹೋಯಿತು. ಶರಾವತಿಯ ವಿದ್ಯುತ್ತಿಗಾಗಿ ಮನೆ ಕಳೆದುಕೊಂಡವರ ಮನೆಗೇ ಕರೆಂಟಿಲ್ಲವಲ್ಲ ಎಂದು ಅವತ್ತು ನನಗೆ ಅಳುವೇ ಬಂತು. ಭಟ್ಟಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಅವರು ಮಾಡಿದ ಕೊನೆಯ ಸಿನಿಮಾದ ಹೆಸರು ‘ಪವರ್ ಕಟ್’. ಅದು ತೆರೆಗೆ ಬರುವ ಮುನ್ನಾದಿನ, 2012ರ ಅಕ್ಟೋಬರ್ 25ರಂದು, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಸುದ್ದಿ ಓದಿದಾಗಲೂ ನನ್ನ ಕಣ್ಣ ಮುಂದೆ ಬಂದದ್ದು ಅಜ್ಜನೇ.

ತಮ್ಮ: ಅಣ್ಣ, ಇದನ್ನು ನೀನು ಯಾವತ್ತೂ ಹೇಳಿರಲಿಲ್ಲ.

ಭಾವ: ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ.

ಅಕ್ಕ: ಚಿಕ್ಕಪ್ಪ, ನೀವು ಓದಿದಿರಾ? ಸಿಟ್ಟು ಮಾಡಿಕೊಳ್ಳಬೇಡಿ.

ಚಿಕ್ಕಪ್ಪ: ಓದಿದೆ. ಎರಡು ಸಲ ಓದಿದೆ.

ಚಿಕ್ಕಪ್ಪ: ಅವತ್ತು ಕರೆಂಟು ಹೋಗಿರಲಿಲ್ಲ. ನಾನು ಹಿಂದಿನ ಕೋಣೆಗೆ ಹೋಗಿ ಮೇನ್ ಸ್ವಿಚ್ ಆರಿಸಿದೆ. ಆಗ ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ. ಬೇರೆ ಇಲಾಖೆ, ಅಪ್ಪನ ಕಡತ ಎಲ್ಲಿ ಕೂತಿದೆ ಎಂದು ಕೇಳಿ ತಿಳಿಯುವುದಕ್ಕೂ ನನ್ನಿಂದ ಆಗಿರಲಿಲ್ಲ. ‘ಇವನನ್ನು ನಾನು ಬಲ್ಲೆ’ ಎಂದು ಅಪ್ಪ ನಕ್ಕಾಗ ಅವರು ನೋಡುತ್ತಿದ್ದದ್ದು ಟಿವಿಯನ್ನೋ ನನ್ನನ್ನೋ ಎಂದು ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ನಾನು: ಟಿವಿಯನ್ನೇ, ಚಿಕ್ಕಪ್ಪ. ನಾನು ಅವರ ಮಗ್ಗುಲಲ್ಲೇ ಕೂತಿದ್ದೆ. ಅಜ್ಜ ಅತ್ತಿತ್ತ ತಿರುಗಲೇ ಇಲ್ಲ.

ಚಿಕ್ಕಪ್ಪ: ಹಾಗೋ.

ಚಿಕ್ಕಪ್ಪ: ಚೀಲ ನನ್ನ ಹತ್ತಿರವೇ ಇದೆ. ಅರ್ಜಿ ಈಗ ನನ್ನ ಹೆಸರಿನಲ್ಲಿದೆ. ಬುಧವಾರ ಬರಲು ಹೇಳಿದ್ದಾರೆ. ಅವತ್ತಿನ ಹಾಡು ಸಿಕ್ಕಿದರೆ ಕಳುಹಿಸು, ಬಸ್ಸಿನಲ್ಲಿ ನೋಡುತ್ತೇನೆ.