ಡಿಬಿಎಸ್ ಸಂಶೋಧನೆಗೆ ಹೊರಟಿರುವ ಮಗಳು: ನರಶಸ್ತ್ರವೈದ್ಯರಿಗೆ ಅಲ್ಲಿ ಏನು ಕೆಲಸ ಉಳಿದಿದೆ?

ಕ್ಯಾತ್ಸಂದ್ರದ ಮೇಷ್ಟ್ರು:

ನನ್ನ ಮಗಳು ಎಂಬಿಬಿಎಸ್ ಓದಿ ತುಮಕೂರಿನಲ್ಲೇ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ನಮ್ಮ ತಂದೆಯವರಿಗೆ ಒಂಬತ್ತು ವರ್ಷ ಪಾರ್ಕಿನ್ಸನ್ಸ್ ಕಾಯಿಲೆ ಇತ್ತು. ಕಡೆಕಡೆಗೆ ಅವರು ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗೆ ತರುವಷ್ಟರಲ್ಲಿ ಸಾರೆಲ್ಲ ಅಂಗಿಯ ಮೇಲಿರುತ್ತಿತ್ತು. ಪಕ್ಕದಲ್ಲಿ ಕುಳಿತು ಅವರ ಮೊಣಕೈ ಹಿಡಿಯುತ್ತಿದ್ದವಳು ಇವಳೇ. ಈಗ ನರಶಸ್ತ್ರಚಿಕಿತ್ಸೆ ಓದಿ, ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್, ಸಂಶೋಧನೆಯಲ್ಲೇ ಜೀವನ ಕಳೆಯುತ್ತೇನೆ ಎನ್ನುತ್ತಾಳೆ. ಮಿದುಳಿಗೆ ಎಲೆಕ್ಟ್ರೋಡ್ (ವಿದ್ಯುತ್ ಹರಿಸುವ ತೆಳು ತಂತಿ) ಇಳಿಸುವ ಈ ವಿಧಾನವನ್ನು ಕಂಡುಹಿಡಿದು ಎಷ್ಟೋ ವರ್ಷಗಳಾದವು. ಇನ್ನು ಸಂಶೋಧಿಸಲು ಏನಿದೆ, ಅದರಲ್ಲಿ ಶಸ್ತ್ರವೈದ್ಯರ ಪಾಲೆಷ್ಟು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕೋಲಾರದ ನರಶಸ್ತ್ರವೈದ್ಯ:

ಮೇಷ್ಟ್ರೇ, ಈ ವಿಧಾನ ರೂಪುಗೊಂಡದ್ದೇ ಆಪರೇಷನ್ ಥಿಯೇಟರಿನಲ್ಲಿ. ಆಗೆಲ್ಲ ನಡುಕ ನಿಲ್ಲಿಸಲು ಮಿದುಳಿನ ಆಳದಲ್ಲಿರುವ ಥಲಮಸ್‌ನ ಸಣ್ಣದೊಂದು ಭಾಗವನ್ನು ಸುಡುತ್ತಿದ್ದರು. ಸುಡುವ ಮೊದಲು ಜಾಗ ಸರಿಯಾಗಿದೆಯೇ ಎಂದು ನೋಡಲು, ರೋಗಿ ಎಚ್ಚರವಾಗಿರುವಾಗಲೇ ಅಲ್ಲಿಗೆ ಅಲ್ಪ ವಿದ್ಯುತ್ ಹರಿಸುವುದು ವಾಡಿಕೆಯಾಗಿತ್ತು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರವೈದ್ಯ ಆಲಿಮ್ ಲೂಯಿ ಬೆನಾಬಿಡ್ ಆ ವಿದ್ಯುತ್ತಿನ ಮಿಡಿತವನ್ನು ಸೆಕೆಂಡಿಗೆ ಸುಮಾರು 100ಕ್ಕೆ ಏರಿಸಿದಾಗ ರೋಗಿಯ ಕೈ ನಡುಕ ನಿಂತಿತು. ವಿದ್ಯುತ್ ನಿಲ್ಲಿಸಿದರೆ ನಡುಕ ಮರಳಿತು. ಹಾಗಾದರೆ ಸುಡುವುದೇಕೆ, ತಂತಿಯನ್ನು ಅಲ್ಲೇ ಬಿಟ್ಟು ವಿದ್ಯುತ್ತನ್ನು ಸದಾ ಹರಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅವರು ಭೌತವಿಜ್ಞಾನದಲ್ಲೂ ಡಾಕ್ಟರೇಟ್ ಪಡೆದಿದ್ದವರು. ನಿಮ್ಮ ಮಗಳು ಇದನ್ನು ಗಮನಿಸಲಿ.

ಆದರೆ ಒಬ್ಬರೇ ಮಾಡಿದ ಕೆಲಸ ಇದಲ್ಲ. ಗ್ರೆನೋಬಲ್‌ನಲ್ಲಿ ನರವೈದ್ಯ ಪಿಯರ್ ಪೊಲಾಕ್ ಜೊತೆಗಿದ್ದರು. ಅಮೆರಿಕದಲ್ಲಿ ನರವಿಜ್ಞಾನಿ ಮಾಲನ್ ಡಿಲಾಂಗ್ ತಂಡ ಪಾರ್ಕಿನ್ಸನ್ಸ್ ಲಕ್ಷಣಗಳಿದ್ದ ಕೋತಿಗಳಲ್ಲಿ, ಥಲಮಸ್‌ನ ಕೆಳಗಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನು ನಿಷ್ಕ್ರಿಯಗೊಳಿಸಿದರೆ ಚಲನೆ ಸುಧಾರಿಸುತ್ತದೆಂದು 1990ರಲ್ಲಿ ತೋರಿಸಿತು. 1993ರಲ್ಲಿ ಗ್ರೆನೋಬಲ್‌ನವರು ಮನುಷ್ಯರಲ್ಲಿ ಅದೇ ಜಾಗಕ್ಕೆ ಎಲೆಕ್ಟ್ರೋಡ್ ಇಳಿಸಿದರು. ಬೆನಾಬಿಡ್ ಮತ್ತು ಡಿಲಾಂಗ್ ಇಬ್ಬರಿಗೂ ವೈದ್ಯವಿಜ್ಞಾನದ ಲಾಸ್ಕರ್ ಪ್ರಶಸ್ತಿ ಬಂದದ್ದು 2014ರಲ್ಲಿ. ನಮ್ಮಲ್ಲೂ ಈ ದಾರಿಯ ಹಿರಿಯರಿದ್ದಾರೆ. ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕರಾಗಿದ್ದ ಡಾ. ಆರ್. ಎಂ. ವರ್ಮ ಅವರು, ಡಿಬಿಎಸ್ ಬರುವುದಕ್ಕೂ ಮೊದಲೇ, ತಲೆಬುರುಡೆಯ ತಳದಲ್ಲಿ ಸಹಜವಾಗಿ ಇರುವ ರಂಧ್ರದ ಮೂಲಕ ಸೂಜಿ ಸಾಗಿಸಿ ಪಾರ್ಕಿನ್ಸನ್ಸ್‌ಗೆ ಚಿಕಿತ್ಸೆ ನೀಡುವ ವಿಧಾನವನ್ನು ರೂಪಿಸಿದ್ದರು.

ಉಳಿದಿರುವ ಕೆಲಸ ಬೇಕಾದಷ್ಟಿದೆ. ಡಿಬಿಎಸ್ ಕಾಯಿಲೆಯನ್ನು ತಡೆಯುವುದಿಲ್ಲ, ಲಕ್ಷಣಗಳನ್ನಷ್ಟೇ ಹತೋಟಿಯಲ್ಲಿಡುತ್ತದೆ. ಅದು ಹೇಗೆ ಎಂಬುದೇ ಇನ್ನೂ ಪೂರ್ತಿ ಬಗೆಹರಿದಿಲ್ಲ. ಖಿನ್ನತೆಗೂ ಡಿಬಿಎಸ್ ಪ್ರಯತ್ನಿಸಿದ ವಿಷಯವನ್ನೇ ನೋಡಿ. 2005ರಲ್ಲಿ ನರವೈದ್ಯೆ ಹೆಲೆನ್ ಮೇಬರ್ಗ್ ಮತ್ತು ನರಶಸ್ತ್ರವೈದ್ಯ ಆಂಡ್ರೆಸ್ ಲೊಜಾನೊ ಅವರ ಟೊರಾಂಟೊ ತಂಡ ಚಿಕಿತ್ಸೆ ನೀಡಿದ ಆರು ಜನರಲ್ಲಿ ನಾಲ್ವರು ಚೇತರಿಸಿಕೊಂಡಾಗ ದೊಡ್ಡ ಭರವಸೆ ಹುಟ್ಟಿತ್ತು. ಮುಂದೆ 90 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಆರು ತಿಂಗಳ ಕೊನೆಗೆ, ವಿದ್ಯುತ್ ಹರಿಸಿದವರಿಗೂ ಹರಿಸದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರನ್ನು ಎರಡು ವರ್ಷ ಗಮನಿಸಿದಾಗ ಸುಮಾರು ಅರ್ಧದಷ್ಟು ಜನ ಸುಧಾರಿಸಿದ್ದರು. ಆರು ತಿಂಗಳಿಗೆ ಕೈಬಿಡಬೇಕಿತ್ತೇ, ಕಾಯಬೇಕಿತ್ತೇ? ಈ ಕ್ಷೇತ್ರದ ಸಂಶೋಧಕರ ಆಯುಸ್ಸಿನ ಬಹುಪಾಲು ಇಂಥ ಪ್ರಶ್ನೆಗಳಲ್ಲೇ ಕಳೆಯುತ್ತದೆ, ಎಲೆಕ್ಟ್ರೋಡ್ ಇಳಿಸುವ ಆ ಕೆಲವು ಗಂಟೆಗಳಲ್ಲಿ ಅಲ್ಲ.

ಶಿಡ್ಲಘಟ್ಟದ ರೀಲರ್:

ನಮ್ಮ ತಾಯಿಯವರಿಗೆ ನಾಲ್ಕು ವರ್ಷದ ಹಿಂದೆ ಡಿಬಿಎಸ್ ಆಯಿತು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ರೇಷ್ಮೆಯ ಎಳೆಯ ತುದಿಯನ್ನು ಹುಡುಕಿ ಎತ್ತುವ ಕೆಲಸವನ್ನು ಅವರು ಮೂವತ್ತು ವರ್ಷ ಮಾಡಿದ್ದರು. ಕಾಯಿಲೆ ಬಂದ ಮೇಲೆ ಅದು ನಿಂತೇ ಹೋಗಿತ್ತು. ಎಲೆಕ್ಟ್ರೋಡಿಗೆ ವಿದ್ಯುತ್ ಹರಿಸುವ ಯಂತ್ರವನ್ನು ಹೊಂದಿಸಿದ ಎರಡನೆಯ ತಿಂಗಳು ಅವರಾಗಿಯೇ ಬಂದು ಬಾಣಲೆಯ ಮುಂದೆ ಕುಳಿತರು, ಮೂರನೆಯ ಗೂಡಿಗೆ ಎಳೆ ಸಿಕ್ಕಿತು. ನಾವು ಯಾರೂ ಮಾತನಾಡಲಿಲ್ಲ.

ಎರಡು ವಿಷಯಗಳನ್ನು ಮಾತ್ರ ಹೇಳಲೇಬೇಕು. ಶಸ್ತ್ರಚಿಕಿತ್ಸೆಯ ನಂತರ ಅಮ್ಮನ ಮಾತು ತೊದಲಿತು. ಹಾಗಾಗಬಹುದೆಂದು ಆಸ್ಪತ್ರೆಯಲ್ಲಿ ಮೊದಲೇ ಯಾರೂ ನಮಗೆ ತಿಳಿಸಿರಲಿಲ್ಲ. ಇನ್ನೊಂದು, ಯಂತ್ರ ಹೊಂದಿಸಲು ಹೋಗುವ ದಿನ ಮಾತ್ರೆ ತೆಗೆದುಕೊಳ್ಳದೆ ಬರಬೇಕು ಎನ್ನುತ್ತಾರೆ. ಮಾತ್ರೆಯಿಲ್ಲದೆ ಮರಗಟ್ಟಿದ ಮೈಯನ್ನು ಬೆಳಗಿನ ಬಸ್ಸಿನ ಮೆಟ್ಟಿಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ಯುವುದು ಎಂಥ ಕಷ್ಟ ಎಂಬುದನ್ನೂ ಯಾರಾದರೂ ಸಂಶೋಧಿಸಬೇಕು.

ಕೋಲಾರದ ನರಶಸ್ತ್ರವೈದ್ಯ:

ಮಾತಿನ ತೊಂದರೆಯನ್ನು ಮುಂಚಿತವಾಗಿ ಹೇಳಬೇಕಾಗಿತ್ತು. ಅದು ವೈದ್ಯರ ಕರ್ತವ್ಯ. ಎಲೆಕ್ಟ್ರೋಡಿನಲ್ಲಿ ಸಾಮಾನ್ಯವಾಗಿ ನಾಲ್ಕು ಅಥವಾ ಹೆಚ್ಚು ಸಂಪರ್ಕ ಬಿಂದುಗಳಿರುತ್ತವೆ. ಬಿಂದುವನ್ನು ಬದಲಿಸಿದರೆ, ಅಥವಾ ಸೆಕೆಂಡಿಗೆ 130ರ ಆಸುಪಾಸಿನಲ್ಲಿರುವ ಮಿಡಿತವನ್ನು 60ಕ್ಕೆ ಇಳಿಸಿದರೆ ಕೆಲವರಿಗೆ ಮಾತು ಸುಧಾರಿಸುತ್ತದೆ. ಮುಂದಿನ ಭೇಟಿಯಲ್ಲಿ ಕೇಳಿ ನೋಡಿ. ಮಿದುಳಿನ ಅಲೆಗಳನ್ನು ತಾನೇ ಅಳೆದು ವಿದ್ಯುತ್ತನ್ನು ಏರಿಸಿ ಇಳಿಸುವ ಯಂತ್ರಗಳೂ ಈಗ ಬಂದಿವೆ.

ಮೇಷ್ಟ್ರೇ, ಎಂಬಿಬಿಎಸ್ ನಂತರ ನೇರವಾಗಿ ನರಶಸ್ತ್ರಚಿಕಿತ್ಸೆಯಲ್ಲಿ ಆರು ವರ್ಷದ ಎಂ.ಸಿಎಚ್. ಪದವಿ ಮಾಡಬಹುದು, ಇಲ್ಲವೇ ಎಂ.ಎಸ್. ಮುಗಿಸಿ ಮೂರು ವರ್ಷದ್ದನ್ನು ಮಾಡಬಹುದು. ಅದಕ್ಕೂ ಮೊದಲು ಮಗಳನ್ನು ಒಂದು ದಿನ, ಯಂತ್ರ ಹೊಂದಿಸುವ ಹೊರರೋಗಿ ವಿಭಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತು ನೋಡಿ ಬರಲು ಹೇಳಿ.

ಕ್ಯಾತ್ಸಂದ್ರದ ಮೇಷ್ಟ್ರು:

ಇಬ್ಬರಿಗೂ ನಮಸ್ಕಾರ. ಮಗಳು ಎಲ್ಲವನ್ನೂ ಓದಿದಳು. ಶಿಡ್ಲಘಟ್ಟದವರೇ, ನಿಮ್ಮ ತಾಯಿಯವರು ಒಪ್ಪಿದರೆ, ಮುಂದಿನ ಸಲ ಅವರೊಂದಿಗೆ ಅದೇ ಬೆಳಗಿನ ಬಸ್ಸಿನಲ್ಲಿ ತಾನೂ ಬರಬಹುದೇ ಎಂದು ಕೇಳುತ್ತಿದ್ದಾಳೆ.