ಅಪ್‌ಡೇಟ್: ಹಕ್ಕಿ ಬೇಟೆಗೆ ಕೊನೆಗೂ ಒಂದು ಶಾಟ್‌ಗನ್ ತೆಗೆದುಕೊಂಡೆ

ಬಾತುಕೋಳಿಗೂ ಕೌಜುಗಕ್ಕೂ ಒಂದೇ ಶಾಟ್‌ಗನ್ ಸಾಕಾ, 12 ಗೇಜಾ 20 ಗೇಜಾ ಅಂತ ಕೇಳಿದ್ದೆ, ಅಲ್ವಾ? (ಗೇಜ್ ಅಂದರೆ ನಳಿಗೆಯ ಒಳ ಅಗಲದ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ಅಗಲ.) 12 ಗೇಜ್ ಸೆಮಿ ಆಟೋಮ್ಯಾಟಿಕ್ ತೆಗೆದುಕೊಂಡೆ. 28 ಇಂಚಿನ ನಳಿಗೆ, 3 ಇಂಚಿನ ಚೇಂಬರ್ (ತೋಟಾ ಕೂರುವ ಜಾಗ), ಚರೆ ಎಷ್ಟು ಹರಡಬೇಕು ಅಂತ ನಿಯಂತ್ರಿಸಲು ನಳಿಗೆ ತುದಿಗೆ ಹಾಕುವ, ಬದಲಾಯಿಸಬಹುದಾದ ಚೋಕ್‌ಗಳು.

20 ಗೇಜ್ ಹಗುರ, ದಿನವಿಡೀ ನಡೆಯೋಕೆ ಅದೇ ಸುಖ. ಆದರೆ ನೀರುಹಕ್ಕಿಗೆ ಎಷ್ಟೋ ಕಡೆ ಸೀಸದ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹಾಕುವಂತಿಲ್ಲ, ಉಕ್ಕಿನದೇ ಬೇಕು, ಉಕ್ಕು ಸೀಸಕ್ಕಿಂತ ಹಗುರವಾದ್ದರಿಂದ ಸ್ವಲ್ಪ ದಪ್ಪ ಚರೆ ಬೇಕಾಗುತ್ತದೆ, ಅದು 12ರ ತೋಟಾದಲ್ಲಿ ಜಾಸ್ತಿ ಹಿಡಿಯುತ್ತದೆ. ನನಗೆ ತೀರ್ಮಾನ ಆಗಿದ್ದು ಅಲ್ಲೇ.

ಆದರೂ ಗೇಜ್‌ಗಿಂತ ಮುಖ್ಯ ಅಂತ ನನಗೆ ಅನಿಸಿದ್ದು ಬಂದೂಕು ನಮ್ಮ ಮೈ ಅಳತೆಗೆ ಹೊಂದುವುದು. ಖಾಲಿ ಬಂದೂಕನ್ನು ಕಣ್ಣು ಮುಚ್ಚಿ ಭುಜಕ್ಕೆ ಏರಿಸಿದೆ. ಕಣ್ಣು ಬಿಟ್ಟಾಗ ನಳಿಗೆ ತುದಿಯ ಗುರಿ ನೋಡುವ ಮಣಿ ನೇರ ಎದುರಿಗೇ ಇತ್ತು! ಅದಕ್ಕೂ ಮೊದಲು ನೋಡಿದ ಇನ್ನೊಂದರಲ್ಲಿ ಸ್ಟಾಕ್ (ಭುಜಕ್ಕೆ ಒತ್ತಿಕೊಳ್ಳುವ ಹಿಂಭಾಗ) ಉದ್ದವಾಗಿ ಅಂಗಿಗೆ ಸಿಕ್ಕಿಕೊಳ್ಳುತ್ತಿತ್ತು.

ಆಮೇಲೆ 30 ಗಜದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು ನೋಡಿದೆ. ಮಾಡಿಫೈಡ್ ಚೋಕ್‌ನಲ್ಲಿ ಚರೆ ಒತ್ತಾಗಿ ಬಿತ್ತು, ಅದು ಬಾತುಕೋಳಿಗೆ. ಅದಕ್ಕಿಂತ ಸಡಿಲವಾದ ಇನ್ನೊಂದು ಚೋಕ್ ಇಂಪ್ರೂವ್ಡ್ ಸಿಲಿಂಡರ್‌ನಲ್ಲಿ ಅಗಲವಾಗಿ ಹರಡಿತು, ಕಾಲ ಬುಡದಿಂದ ಫಕ್ಕನೆ ಏಳುವ ಕೌಜುಗಕ್ಕೆ ಅದೇ ಸರಿ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.